ಓ ಎನ್ನದ ಮಾವ

ಹೋದ ತಿಂಗಳು ಸಿರುಗುಪ್ಪದ ಅಕ್ಕಿ ಗಿರಣಿಯೊಂದರ ಹಿತ್ತಲಲ್ಲಿ ಬಿದ್ದಿದ್ದ ಹಳೆಯ ಕಬ್ಬಿಣದ ಟ್ಯಾಂಕಿನ ಮುಚ್ಚಳ ತೆಗೆದೆ. ಬಹಳ ವರ್ಷ ಯಾರೂ ಮುಟ್ಟದೆ ಬಿಟ್ಟಿದ್ದ ಟ್ಯಾಂಕು. ಒಳಗೆ ಬೆಸುಗೆ ಹಾಕಿಸಿ ಮತ್ತೆ ನೀರು ತುಂಬಿಸಬೇಕೆಂದು ಮಾಲೀಕರ ಇರಾದೆ. ತಿರುಪುಗಳು ತುಕ್ಕು ಹಿಡಿದು ಕೂತಿದ್ದವು. ಎಣ್ಣೆ ಬಿಟ್ಟು, ಸುತ್ತಿಗೆಯಿಂದ ತಟ್ಟಿ, ಕಡೆಗೆ ಹಾರೆ ಕೊಟ್ಟು ಎತ್ತಿದಾಗ ಒಳಗಿನಿಂದ ಒಂದು ವಾಸನೆ ಬಂತು. ಕೊಳೆತ ವಾಸನೆಯಲ್ಲ... ಒದ್ದೆ ಕಬ್ಬಿಣ, ಕತ್ತಲು, ಯಾರೂ ಉಸಿರಾಡದ ಗಾಳಿ. ತುಟಿ ಒಡೆದಾಗ ನಾಲಗೆಗೆ ರಕ್ತದ ರುಚಿ ಸಿಗುತ್ತದಲ್ಲ, ಆ ರುಚಿಯೇ ಮೂಗಿಗೆ ಬಂದ ಹಾಗೆ.

ನಾನು ಹಿಂದೆ ಸರಿದೆ. ಜೊತೆಯಲ್ಲಿದ್ದ ಕೆಲಸಗಾರ ಆಗಲೇ ಏಣಿ ತಂದು ನಿಂತಿದ್ದ.

"ಇಳೀಲೇನಣ್ಣ?"

"ಇವತ್ತು ಬ್ಯಾಡ. ನಾಳಿ ತನಕ ಬಾಯಿ ತೆರದಿರಲಿ."

ಮಾಲೀಕರು ನೆರಳಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದವರು ನಕ್ಕರು. "ಏನಪ ಮಿಸ್ತ್ರಿ, ಟ್ಯಾಂಕಿಗೂ ಮುಹೂರ್ತ ನೋಡಾಕತ್ತೀಯೇನು?"

ನಾನೂ ನಕ್ಕೆ. ಆದರೆ ಆ ವಾಸನೆ ನನ್ನನ್ನು ಹಿಡಿದುಕೊಂಡಿತ್ತು. ಆ ವಾಸನೆಯ ಹಿಂದೆಯೇ ಸಾರಂಗ ಮಾವ ನೆನಪಿಗೆ ಬಂದರು.

ಕೆಲವು ವರ್ಷ ಸರಕು ಹಡಗಿನಲ್ಲಿ ದುಡಿದವನು ನಾನು. ಈ ಮಾತು ಹೇಳಿದರೆ ನಮ್ಮ ಕಡೆ ಹೊಸಬರು ಮುಖ ನೋಡುತ್ತಾರೆ. ತುಂಗಭದ್ರೆಯ ಹರಿಗೋಲು ಬಿಟ್ಟರೆ ನೀರಿನ ಮೇಲಿನ ಗಾಡಿ ನಮಗೇನು ಗೊತ್ತು. ಬಳ್ಳಾರಿಯ ವರ್ಕ್‌ಶಾಪಿನಲ್ಲಿ ಬೆಸುಗೆ, ಲೇತು ಕಲಿತು ಫಿಟ್ಟರ್ ಆಗಿದ್ದೆ. ಪರಿಚಯದವರೊಬ್ಬರು ದಾರಿ ತೋರಿಸಿದರು, ಕಾಗದಪತ್ರ ಆದವು, ಒಂದು ದಿನ ಪೂರ್ವ ಕರಾವಳಿಯ ಬಂದರಿನಲ್ಲಿ ಹಡಗಿನ ಮುಂದೆ ನಿಂತಿದ್ದೆ. ಹಡಗು ಎಂದರೆ ಬಿಳಿ ಬಣ್ಣ, ಬಾವುಟ ಎಂದೆಲ್ಲ ಅಂದುಕೊಂಡಿದ್ದವನಿಗೆ ಅದರ ಮೈತುಂಬ ನಮ್ಮೂರ ಲಾರಿಗಳ ಹಾಗೆ ಕೆಂಪು ದೂಳು ಕಂಡಿತು. ಅದಿರು ತುಂಬುತ್ತಿದ್ದರು. ನಮ್ಮ ಜಿಲ್ಲೆಯ ಮಣ್ಣು ನನಗಿಂತ ಮೊದಲೇ ಹಡಗು ಹತ್ತಿ ಕೂತಿತ್ತು.

ಏಣಿ ಹತ್ತುವಾಗ ಕಾಲು ಜಾರಿ "ಯವ್ವಾ" ಎಂದೆ. ಮೇಲಿನಿಂದ ಒಂದು ದನಿ ಬಂತು.

"ಯವ್ವ ಇಲ್ಲಿಲ್ಲ, ನಾ ಅದೀನಿ. ಮ್ಯಾಲೆ ಬಾ. ಯಾವೂರು?"

ಸಮುದ್ರದ ಮೇಲೆ ಬಳ್ಳಾರಿ ಮಾತು ಕೇಳಿ ನನಗೆ ಅಳುವೇ ಬಂದಿತು. "ಸಿರುಗುಪ್ಪ ರೀ" ಎಂದೆ.

"ನಿಮ್ಮವ್ವನ ತವರು?"

"ಕುರುಗೋಡು."

"ನಮ್ಮೂರು! ಹಂಗಾರ ನಾ ನಿನಗ ಮಾವ ಆಗಬೇಕು. ಸಾರ್-ಗೀರ್ ಅನ್ನಬ್ಯಾಡ, ಮಾವ ಅನ್ನು. ಮತ್ತ ಅಳಿಯ ಅಂದೆ ಅಂತ ಆಸೆ ಇಟ್ಕೋಬ್ಯಾಡ, ನನಗ ಮಗಳಿಲ್ಲ."

ಅವತ್ತಿನಿಂದ ಅವರು ನನಗೆ ಮಾವ, ನಾನು ಅವರಿಗೆ ಅಳಿಯ. ಡೆಕ್ಕಿನ ಖಲಾಸಿಗಳಿಗೆಲ್ಲ ಮುಂದಾಳಾದವನನ್ನು ನಮ್ಮ ಹಡಗುಗಳಲ್ಲಿ ಸಾರಂಗ ಎನ್ನುತ್ತಾರೆ. ಕುಳ್ಳನೆಯ, ಗಟ್ಟಿ ಮೈಯ ಆಳು. ಬಿಸಿಲಿಗೆ, ಉಪ್ಪಿಗೆ ಮುಖ ಹುಣಸೆ ತೊಗಟೆಯ ಹಾಗೆ ಸುಕ್ಕಾಗಿತ್ತು. ನಡೆಯುವಾಗ ಮಾತ್ರ ಹೊಲದ ಬದುವಿನ ಮೇಲೆ ನಡೆಯುವವರಂತೆ ಕಾಲು ನೋಡಿಕೊಂಡು ನಡೆಯುತ್ತಿದ್ದರು.

ಹಡಗಿನ ಬದುಕು ಎಂದರೆ ತುಕ್ಕಿನ ಜೊತೆ ಜಗಳ. ಹೊತ್ತು ಮೂಡುವಾಗ ಅಡುಗೆಯ ಭಂಡಾರಿ ಕೊಡುವ ಚಹಾ ಕುಡಿದು ಎಲ್ಲರೂ ಅಡುಗೆಮನೆಯ ಬಾಗಿಲಲ್ಲಿ ನಿಲ್ಲಬೇಕು. ಮಾವ ಒಬ್ಬೊಬ್ಬರಿಗೂ ಅವತ್ತಿನ ಕೆಲಸ ಹೇಳುತ್ತಿದ್ದರು. ನೀನು ಹಗ್ಗ, ನೀನು ಗ್ರೀಸು, ನೀವಿಬ್ಬರು ತುಕ್ಕು. ಆಮೇಲೆ ಇಡೀ ದಿನ ಟಕಟಕ ಸುತ್ತಿಗೆ ಸದ್ದು. ಕೆರೆದಲ್ಲಿಗೆ ಬಣ್ಣ ಬಳಿದು ಮುಂದೆ ಹೋಗುವಷ್ಟರಲ್ಲಿ ಹಿಂದೆ ಮತ್ತೆ ಕೆಂಪಗೆ ಮೂಡಿರುತ್ತಿತ್ತು. ಸಮುದ್ರ ಎಲ್ಲ ಕಡೆ ಒಂದೇ ತರ. ನೋಡಲು ಏನೂ ಇಲ್ಲದ್ದರಿಂದ ನಾವು ಊಟವನ್ನೇ ನೋಡುತ್ತಿದ್ದೆವು. ಭಾನುವಾರ ಅರ್ಧ ದಿನ ರಜೆ. ಮಾವ ತಮ್ಮ ಡಬ್ಬಿಯಿಂದ ಜೋಳದ ಹಿಟ್ಟು ತೆಗೆದು, ಅಡುಗೆಮನೆಯ ತಗಡಿನ ಮೇಜಿನ ಮೇಲೆ ರೊಟ್ಟಿ ಬಡಿಯುತ್ತಿದ್ದರು. ಭಂಡಾರಿ ಕಾಕಿನಾಡದ ಕಡೆಯವನು. ಆ ಸದ್ದಿಗೆ ಬಂದು, "ಏಮಯ್ಯಾ ಸಾರಂಗೂ, ಇದಿ ರೊಟ್ಟಾ, ಡಪ್ಪಾ?" ಎಂದು ಕೆಣಕುತ್ತಿದ್ದ. ರೊಟ್ಟಿಯೋ ತಮಟೆಯೋ ಎಂದು.

"ನಿನ್ನ ಇಡ್ಲಿ ತಿಂದವನು ಮಲಗ್ತಾನ. ಇದನ್ನ ತಿಂದವನು ನಿನ್ನ ಹೊತ್ಕೊಂಡು ಓಡ್ತಾನ" ಎಂದು ಮಾವ ಒಂದು ರೊಟ್ಟಿ ಅವನ ಕೈಗೂ ಹಾಕುತ್ತಿದ್ದರು.

ಇಷ್ಟೆಲ್ಲ ಮಾತಾಡುವ ಮನುಷ್ಯನಲ್ಲಿ ಒಂದು ವಿಚಿತ್ರವಿತ್ತು. ಅವರನ್ನು ಕರೆದರೆ ಓ ಅನ್ನುತ್ತಿರಲಿಲ್ಲ.

ಮೊದಮೊದಲು ಕಿವಿ ಮಂದವೆಂದುಕೊಂಡೆ. "ಮಾವಾ" ಎಂದು ಬೆನ್ನ ಹಿಂದಿನಿಂದ ಕೂಗಿದರೆ ಅವರ ಹೆಗಲು ಸಣ್ಣಗೆ ಅದುರುತ್ತಿತ್ತು. ಕೇಳಿಸಿದೆ ಎಂದು ಗೊತ್ತಾಗುತ್ತಿತ್ತು. ಆದರೆ ತಿರುಗುತ್ತಿರಲಿಲ್ಲ. ಎದುರಿಗೆ ಹೋಗಿ ನಿಲ್ಲಬೇಕು, ಇಲ್ಲವೇ ಹೆಗಲು ಮುಟ್ಟಬೇಕು. ಆಮೇಲೆ ಎಷ್ಟು ಬೇಕಾದರೂ ಮಾತು. ವಾಕಿಟಾಕಿಯಲ್ಲಿ ಚೀಫ್ ಆಫೀಸರ್ ಕರೆದರೆ ಗುಂಡಿಯನ್ನು ಎರಡು ಸಲ ಒತ್ತುತ್ತಿದ್ದರು. ಟಕ್ ಟಕ್. ಕೇಳಿಸಿತು ಎಂದು ಅರ್ಥ. ಹಡಗಿನವರೆಲ್ಲ ಇದಕ್ಕೆ ಒಗ್ಗಿಹೋಗಿದ್ದರು. ಸಾರಂಗನ ಉತ್ತರ ಎಂದರೆ ಟಕ್ ಟಕ್.

ಒಂದು ಭಾನುವಾರ ಊಟವಾದ ಮೇಲೆ ಡೆಕ್ಕಿನ ಮೇಲೆ ಕೂತು ಹಗ್ಗದ ತುದಿ ಹೆಣೆಯುತ್ತಿದ್ದರು. ಎದುರಿಗೆ ಕೂತು ಕೇಳಿಯೇಬಿಟ್ಟೆ. ಅವರು ಹೆಣೆಯುವುದನ್ನು ನಿಲ್ಲಿಸಲಿಲ್ಲ.

"ಅಳಿಯ, ನಿಮ್ಮಜ್ಜನ ಮನ್ಯಾಗ ಹಗೇವು ಇತ್ತೇನು?"

ಈಗಿನವರಿಗೆ ಹಗೇವು ಎಂದರೆ ಏನೆಂದು ಹೇಳಬೇಕು. ಜೋಳ ತುಂಬಿಡಲು ನೆಲದೊಳಗೆ ತೋಡಿದ ಗುಂಡಿ ಅದು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ಕಿರಿದು, ಒಳಗೆ ಗುಡಾಣದ ಹಾಗೆ ಅಗಲ. ಮೇಲೆ ಬಂಡೆ ಮುಚ್ಚಿ ಮಣ್ಣು ಮೆತ್ತಿಬಿಟ್ಟರೆ ಎಷ್ಟು ವರ್ಷವಾದರೂ ಕಾಳು ಕೆಡದು. ಆದರೆ ಬಾಯಿ ತೆರೆದ ದಿನ ಇಳಿಯುವಂತಿಲ್ಲ. ಒಂದು ದಿನ ಗಾಳಿಯಾಡಲು ಬಿಟ್ಟು, ಮರುದಿನ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಟ್ಟು, ದೀಪ ಆರದೆ ಮೇಲೆ ಬಂದರೆ ಮಾತ್ರ ಮನುಷ್ಯ ಇಳಿಯಬೇಕು. ಇಳಿದ ಮೇಲೂ ಮೇಲಿದ್ದವನು ಕರೆಯುತ್ತಿರಬೇಕು, ಕೆಳಗಿದ್ದವನು ಓ ಅನ್ನುತ್ತಿರಬೇಕು. ಇದು ನಮ್ಮ ಹಿರಿಯರು ಇಟ್ಟ ಪದ್ಧತಿ.

"ನನಗಾಗ ಮದವಿ ಆಗಿ ಒಂದು ಸುಗ್ಗಿ ಕಳದಿತ್ತು. ಅಣ್ಣನ ಕೂಸಿಗೆ ಹೆಸರಿಡೋ ಕಾರ್ಯ. ಬೀಗರು ಹೇಳದಂಗ ಒಂದು ದಿನ ಮೊದಲs ಬಂದ್ರು. ಮನ್ಯಾಗ ಜೋಳ ಇಲ್ಲ. ಮುಂಜಾನಿ ಬಾಯಿ ತೆಗದ್ವಿ, ಮಧ್ಯಾಹ್ನಕ್ಕs ಅಣ್ಣ ಇಳೀತೀನಿ ಅಂದ. ಕಂದೀಲು ಬಿಟ್ವಿ. ಉರ್ಕೋಂತ ಮ್ಯಾಲೆ ಬಂತು. ಆದ್ರ ಹಗ್ಗ ಗಿಡ್ಡ ಇತ್ತು ಅಳಿಯ... ಕಂದೀಲು ತಳ ಮುಟ್ಟಿರಲಿಲ್ಲ. ಅದು ಆಮ್ಯಾಲೆ ತಿಳೀತು."

ಹಗ್ಗದ ಇನ್ನೊಂದು ಎಳೆಯನ್ನು ಒಳಗೆ ತೂರಿಸಿದರು.

"ಅಣ್ಣ ಇಳದ. ನಾ ಮ್ಯಾಲೆ. ಅಣ್ಣಾ ಅಂದೆ. ಓ ಅಂದ. ಅಣ್ಣಾ ಅಂದೆ. ಓ ಅಂದ. ಬುಟ್ಟಿ ಮಾತ್ರ ತುಂಬವಲ್ದು. ಯಾಕ ಅಂದ್ರ, ಓ. ಸಾಕಾತೇನು ಅಂದ್ರ, ಓ. ಬ್ಯಾರೆ ಮಾತಿಲ್ಲ. ನನ್ನ ಆಟ ಆಡಸಾಕತ್ತಾನ ಅಂತ ನಾ ನಕ್ಕೋಂತ ಕುಂತೆ. ನಿಮ್ಮ ಅತ್ತಿ ಬಂದು ಬೈದ ಮ್ಯಾಲೆ ಜನ ಕರದು, ಕೊಕ್ಕಿ ಹಾಕಿ ಎತ್ತಿದ್ವಿ. ಮೈ ಸೆಟದಿತ್ತು. ಹಿರೇರು ಕೈ ಹಿಡದು ನೋಡಿ, ಇಳದ ಗಳಿಗಿಗೇ ಹೋಗ್ಯಾನ ಅಂದ್ರು."

ಹಗ್ಗದ ಎಳೆಯನ್ನು ಹಲ್ಲಿನಿಂದ ಕಚ್ಚಿ ಬಿಗಿದರು.

"ಅಣ್ಣನ ತಲಿ ನನ್ನ ತೊಡಿ ಮ್ಯಾಲೈತಿ. ಅಣ್ಣಾ ಅಂತ ಅಳಾಕತ್ತೀನಿ. ಆಗ ತಳದಾಗಿಂದ ಇನ್ನೊಮ್ಮೆ ಓ ಅಂತು."

ಸಮುದ್ರ ಅವತ್ತು ಎಣ್ಣೆ ಸುರಿದ ಹಾಗೆ ಶಾಂತವಾಗಿತ್ತು. ಬಿಸಿಲು ಸುಡುತ್ತಿತ್ತು. ಆದರೂ ನಾನು ಅಂಗಿಯ ಮಡಿಸಿದ ತೋಳು ಇಳಿಸಿಕೊಂಡೆ.

"ಅವತ್ತು ನಾ ಕರದಾಗೆಲ್ಲ ಅದು ಓ ಅಂತು. ಈಗ ಅದು ಕರೀತೈತಿ. ನಾ ಓ ಅನ್ನೋದು ಬಾಕಿ ಐತಿ. ಅಂದ್ನಂದ್ರ ಹೋದೆ. ಅದಕ್ಕs ಯಾರು ಕರದ್ರೂ ಓ ಅನ್ನಂಗಿಲ್ಲ. ಯಾವ ಕರೆ ಯಾರದು ಅಂತ ಹೆಂಗ ತಿಳೀಬೇಕು?"

ಆ ಕಾರ್ಯದ ಮನೆಯಿಂದ ಅವರು ಓಡಿದ್ದರು. ಮೊದಲು ಅದಿರು ತುಂಬುವ ಕೂಲಿ, ಆಮೇಲೆ ಅದಿರಿನ ಹಿಂದೆಯೇ ಬಂದರಿಗೆ, ಅಲ್ಲಿಂದ ಹಡಗಿಗೆ. "ನೆಲದಾಗ ಗುಂಡಿ ಇರ್ತಾವ, ನೀರಾಗ ಇರಂಗಿಲ್ಲ ಅಂತ ಬಂದೆ ನೋಡು. ಬಂದು ನೋಡಿದ್ರ ಹಡಗಂದ್ರ ಹಗೇವಿನ ಸಾಲು."

ನಿಜವೇ. ಸರಕು ತುಂಬುವ ಒಂದೊಂದು ಕೋಣೆಯೂ ಮೂರು-ನಾಲ್ಕು ಅಂತಸ್ತಿನ ಮನೆಯಷ್ಟು ಆಳ. ಮೇಲೆ ಕಬ್ಬಿಣದ ಮುಚ್ಚಳ, ಪಕ್ಕದಲ್ಲಿ ಏಣಿಯಿಳಿಯಲು ಒಬ್ಬ ಮನುಷ್ಯನಷ್ಟು ಕಿರಿದಾದ ಬಾಯಿ. ಮಾವ ಅವುಗಳನ್ನು ಹಗೇವು ಎಂದೇ ಕರೆಯುತ್ತಿದ್ದರು. ಮೊದಲನೇ ಹಗೇವು, ಎರಡನೇ ಹಗೇವು. ಆಫೀಸರರು ಗಾಳಿ ಅಳೆಯುವ ಮೀಟರು ಹಾಕಿ ನೋಡಿ, ಕಾಗದಕ್ಕೆ ಸಹಿ ಬಿದ್ದ ಮೇಲೆಯೇ ಯಾರಾದರೂ ಇಳಿಯುವುದು. ಅದರ ಮೇಲೆ ಮಾವನದೊಂದು ಸ್ವಂತ ಪದ್ಧತಿ. ಇಳಿಯುವಾಗ ಸೊಂಟಕ್ಕೆ ಹಗ್ಗ ಕಟ್ಟಿ ತುದಿಯನ್ನು ಮೇಲಿದ್ದವನ ಕೈಗೆ ಕೊಡುವುದು. ಮೇಲಿದ್ದವನು ಎರಡು ಸಲ ಜಗ್ಗಬೇಕು, ಕೆಳಗಿನಿಂದ ಎರಡು ಸಲ ಜಗ್ಗಿದರೆ ಸರಿ.

"ದನಿ ಸುಳ್ಳು ಹೇಳತೈತಿ. ಹಗ್ಗ ಹೇಳಂಗಿಲ್ಲ."

ಅದಾಗಿ ಕೆಲವು ತಿಂಗಳಿಗೆ ನಮ್ಮ ಹಡಗು ಲೇತು ಯಂತ್ರಗಳಿಂದ ಬಿದ್ದ ಕಬ್ಬಿಣದ ಹೆರೆಯನ್ನು, ಸುರುಳಿ ಸುರುಳಿ ಚೂರುಗಳನ್ನು, ತುಂಬಿಕೊಂಡಿತು. ತುಂಬುವಾಗಲೇ ಮಳೆ. ಒದ್ದೆ ಕಬ್ಬಿಣ ಮುಚ್ಚಿದ ಜಾಗದಲ್ಲಿ ತುಕ್ಕು ಹಿಡಿಯುತ್ತಾ ಒಳಗಿನ ಗಾಳಿಯನ್ನೆಲ್ಲ ತಿಂದುಬಿಡುತ್ತದೆ ಎಂದು ಚೀಫ್ ಆಫೀಸರ್ ನಮ್ಮನ್ನೆಲ್ಲ ಕೂರಿಸಿ ಹೇಳಿದರು. ಬಾಯಿಗಳಿಗೆಲ್ಲ ಎಚ್ಚರಿಕೆಯ ಹಲಗೆ ನೇತುಹಾಕಿಸಿದರು. ಅಚ್ಚುಕಟ್ಟಿನ ಮನುಷ್ಯ.

ಮೂರನೇ ಕೋಣೆಯ ಏಣಿಬಾಯಿಯ ಮುಚ್ಚಳದಲ್ಲಿ ರಬ್ಬರು ಪಟ್ಟಿ ಸವೆದು ಸಮುದ್ರದ ನೀರು ಜಿನುಗುತ್ತಿತ್ತು. ಅದನ್ನು ಬದಲಿಸುವ ಕೆಲಸ ನನ್ನದು. ಮುಚ್ಚಳ ಎತ್ತು, ಪಟ್ಟಿ ಬದಲಿಸು, ಮುಚ್ಚು, ತಲೆ ಒಳಗೆ ಹಾಕಬೇಡ ಎಂದು ಆಫೀಸರರ ಅಪ್ಪಣೆ. ಮಟಮಟ ಮಧ್ಯಾಹ್ನ. ಮುಚ್ಚಳ ಎತ್ತಿದೆ. ಆ ವಾಸನೆ ಮೊದಲ ಸಲ ಬಂದದ್ದು ಆಗಲೇ. ಗಾಳಿಗೆ ಬೆನ್ನು ಕೊಟ್ಟು ನಿಂತು, ಹಳೆಯ ಪಟ್ಟಿ ಕಿತ್ತು, ಅಂಟು ಹಚ್ಚುತ್ತಿದ್ದೆ.

"ಅಳಿಯಾ..."

ಕೆಳಗಿನಿಂದ.

"ಅಳಿಯಾ... ಹಗ್ಗ ಬಿಡಲೇ."

ಮಾವನ ದನಿ. ಅದೇ ಎಳೆದು ಮಾತಾಡುವ ರೀತಿ, ಅದೇ ಸಣ್ಣ ಕೆಮ್ಮು. ಇಡೀ ಹಡಗಿನಲ್ಲಿ ನನ್ನನ್ನು ಅಳಿಯ ಎನ್ನುವವರು ಇನ್ನಾರು? ಆ ಗಳಿಗೆಯಲ್ಲಿ ನನಗೆ ಮೀಟರಿಲ್ಲ, ಹಲಗೆಯಿಲ್ಲ, ಅಪ್ಪಣೆಯಿಲ್ಲ. ಮಾವ ಬೇರೆ ಕಡೆಯಿಂದ ಇಳಿದು ಸಿಕ್ಕಿಕೊಂಡಿದ್ದಾರೆ ಎಂಬುದೊಂದೇ. ಒಂದು ಕಾಲು ಏಣಿಯ ಮೊದಲ ಮೆಟ್ಟಿಲ ಮೇಲಿಟ್ಟೆ. ಓ ಎನ್ನಲು ಬಾಯಿ ತೆರೆದೆ...

ಹೆಗಲ ಮೇಲೆ ಒಂದು ಕೈ ಬಿತ್ತು. ತಿರುಗಿದರೆ ಮಾವ. ಒಂದು ಕೈಯಲ್ಲಿ ಚಹಾದ ಮಗ್ಗು.

"ಓ ಅಂದ್ಯಾ?"

ಇಲ್ಲವೆಂದು ತಲೆ ಅಲ್ಲಾಡಿಸಿದೆ. ಅವರು ಮಗ್ಗು ಕೆಳಗಿಟ್ಟು, ನನ್ನ ಕಾಲು ಈಚೆ ತೆಗೆಸಿ, ಮುಚ್ಚಳ ಹಾಕಿ ಅದರ ಮೇಲೆ ಕೂತುಬಿಟ್ಟರು. ಅಲ್ಲಿಂದಲೇ ಕೇಳಿದರು.

"ಯಾರ ದನಿ?"

"ನಿಮ್ಮದs, ಮಾವ."

ಅವರ ಮುಖದಿಂದ ರಕ್ತ ಇಳಿದುಹೋದದ್ದು ನನಗೆ ಕಂಡಿತು. ಇಷ್ಟು ವರ್ಷ ಅವರಿಗೆ ಕೇಳುತ್ತಿದ್ದದ್ದು ಅಣ್ಣನ ದನಿ. ಈಗ ಅವರ ದನಿಯೇ ಕೆಳಗಿದೆ.

"ನಾ ಇನ್ನ ಇಲ್ಲೇ ಅದೀನಲ್ಲೋ" ಎಂದು ನಗಲು ನೋಡಿದರು. "ಮೊದಲs ಜಾಗ ಹಿಡದಿಟ್ಟಾರೇನು, ಬಸ್ಸಿಗೆ ಟವಲ್ ಹಾಕಿದಂಗ."

ನಾನು ಚೀಫ್ ಆಫೀಸರಿಗೆ ಹೇಳಿದೆ. ಅವರು ಬೈಯಲಿಲ್ಲ. ಅಂಥ ಗಾಳಿ ಮೂಗಿಗೆ ಸ್ವಲ್ಪ ತಾಗಿದರೂ ತಲೆಯೊಳಗೆ ಏನೇನೋ ಕೇಳಿಸುತ್ತದೆ ಎಂದು ತಿಳಿಸಿ ಹೇಳಿ, ನನ್ನನ್ನು ಆ ಕೆಲಸದಿಂದ ತೆಗೆದರು. ಇದ್ದೀತು. ಆದರೆ ನನ್ನ ತಲೆ ಪೂರ್ತಿ ಹೊರಗಿತ್ತು, ಸಮುದ್ರದ ಗಾಳಿ ನನ್ನ ಟೊಪ್ಪಿಗೆ ಹಾರಿಸುವಷ್ಟು ಬೀಸುತ್ತಿತ್ತು. ಇದನ್ನು ನಾನು ವಾದಿಸಲಿಲ್ಲ. ಕೆಲವು ಮಾತಿಗೆ ವಾದ ಹೂಡಿದರೆ ಅದು ಹತ್ತಿರ ಬಂದು ಕೂರುತ್ತದೆ ಎಂದು ನಮ್ಮಜ್ಜಿ ಹೇಳುತ್ತಿದ್ದಳು.

ಬಂದರು ಬಂತು. ಮುಚ್ಚಳಗಳನ್ನೆಲ್ಲ ತೆರೆದು, ಕ್ರೇನುಗಳು ಹೆರೆಯನ್ನು ಎತ್ತಿ ಖಾಲಿ ಮಾಡಿದವು. ಬಿಸಿಲು ತಳದವರೆಗೆ ಬಿದ್ದಿತ್ತು. ಆಫೀಸರ್ ತಾವೇ ಮೀಟರು ಇಳಿಸಿ ನೋಡಿ, ಇಳಿಯಬಹುದು ಎಂದ ಮೇಲೆ ಖಲಾಸಿಗಳು ಗುಡಿಸಲು ಇಳಿದರು. ಸಾರಂಗ ಇಳಿಯದೆ ನಡೆಯದು. ಮಾವ ಸೊಂಟಕ್ಕೆ ಹಗ್ಗ ಕಟ್ಟಿ ತುದಿಯನ್ನು ನನ್ನ ಕೈಗೆ ಕೊಟ್ಟರು.

"ನಾ ತಿರುಗಿ ಮ್ಯಾಲೆ ಬರೋ ತನಕ ಬಿಡಬ್ಯಾಡ."

ಅವತ್ತು ಅವರ ಕಣ್ಣಲ್ಲಿ ಇದ್ದದ್ದು ಹೆದರಿಕೆ. ಗಂಡಸು ಹೆದರಿದ್ದನ್ನು ತೋರಿಸಿಕೊಂಡಾಗ ನೋಡುವವನಿಗೆ ಇನ್ನೂ ಹೆಚ್ಚು ಹೆದರಿಕೆಯಾಗುತ್ತದೆ. ನಾನು ಅಂಚಿನಲ್ಲಿ ಕೂತು ಜಗ್ಗುತ್ತಿದ್ದೆ. ಎರಡು ಸಲ. ಕೆಳಗಿನಿಂದಲೂ ಎರಡು ಸಲ. ಗುಡಿಸುವವರು ಮೂಲೆಯ ಕಡೆಗೆ ಹೋಗಿದ್ದರಿಂದ ಕಾಣುತ್ತಿರಲಿಲ್ಲ, ಪೊರಕೆಯ ಸದ್ದು ಬರುತ್ತಿತ್ತು. ಜಗ್ಗಿದಾಗಲೆಲ್ಲ ಉತ್ತರ ಬಂತು. ನನ್ನ ಎದೆ ಹಗುರವಾಗುತ್ತಾ ಬಂತು. ಆಮೇಲೆ ಪೊರಕೆಯ ಸದ್ದು ನಿಂತಿತು. ನಾನು ಮತ್ತೆ ಜಗ್ಗಿದೆ. ಎರಡು ಸಲ ಉತ್ತರ.

ಹೆಗಲ ಮೇಲೆ ಕೈ ಬಿತ್ತು. ಮಾವ. ಅವರ ಹಿಂದೆ ಖಲಾಸಿಗಳೆಲ್ಲ ಬೆವರು ಒರೆಸಿಕೊಳ್ಳುತ್ತಾ ನಿಂತಿದ್ದರು. ಆಚೆಯ ಏಣಿಯಿಂದ ಹತ್ತಿ ಬಂದಿದ್ದರು.

"ಹಗ್ಗ ಸಿಕ್ಕೊಂಡಿತ್ತಲೇ. ಆಗಲೇ ಬಿಚ್ಚಿ ಬಿಸಾಕಿದೆ" ಎಂದರು.

ನಾನು ಅವರ ಮುಖವನ್ನೇ ನೋಡುತ್ತಾ ಹಗ್ಗವನ್ನು ಎರಡು ಸಲ ಜಗ್ಗಿದೆ.

ಕೆಳಗಿನಿಂದ ಎರಡು ಸಲ ಜಗ್ಗಿತು.

ಮಾವ ನೋಡಿದರು. ಸೊಂಟದ ಚಾಕು ತೆಗೆದು ನನ್ನ ಮುಷ್ಟಿಯ ಮುಂದೆಯೇ ಹಗ್ಗ ಕತ್ತರಿಸಿದರು. ತುದಿ ಅಂಚಿನ ಮೇಲೆ ಹರಿದು ಒಳಗೆ ಹೋಯಿತು. ಬಿಟ್ಟ ಹಗ್ಗ ಭರ್ರನೆ ಬೀಳುತ್ತದೆ, ನೂರು ಸಲ ನೋಡಿದ್ದೇನೆ. ಇದು ಹಾಗೆ ಬೀಳಲಿಲ್ಲ. ತಡೆದು ತಡೆದು ಇಳಿಯಿತು, ಬಾವಿಯಿಂದ ನೀರು ಸೇದುವವರು ಕೈಗೆ ಕೈ ಬದಲಿಸಿ ಎಳೆದುಕೊಳ್ಳುವ ಹಾಗೆ.

"ದನಿ ಹೋತು" ಎಂದರು ಮಾವ, ನನಗೊಬ್ಬನಿಗೇ ಕೇಳುವಷ್ಟು ಮೆಲ್ಲಗೆ. "ಈಗ ಹಗ್ಗಾನೂ ಹೋತು. ಊರಿಗೆ ಹೋಗ್ತೀನಿ ಅಳಿಯ. ಅಂಗಳದಾಗ ಆ ಹಗೇವು ಇನ್ನ ಹಂಗs ಐತಿ, ಮ್ಯಾಲೆ ಬಂಡೆಗಲ್ಲು ಅಷ್ಟs. ಮಣ್ಣು ತುಂಬಿಸಿಬಿಡ್ತೀನಿ. ಬಾಯಿಲ್ಲಂದ್ರ ಎಲ್ಲಿಂದ ಕರೀತೈತಿ?"

ಅದೇ ಬಂದರಿನಲ್ಲಿ ಇಳಿದುಬಿಟ್ಟರು. ಹೋಗುವಾಗ ಜೋಳದ ಹಿಟ್ಟಿನ ಡಬ್ಬಿಯನ್ನು ಭಂಡಾರಿಗೆ ಕೊಟ್ಟರು. ಅವನು ಅದರ ಮೇಲೆ ತಮಟೆಯ ಹಾಗೆ ಬಾರಿಸಿ, ಆಮೇಲೆ ಕಣ್ಣೊರೆಸಿಕೊಂಡ.

ದಡದ ಸಿಗ್ನಲ್ ಸಿಕ್ಕಾಗಲೆಲ್ಲ ನಾನು ಫೋನು ಮಾಡುತ್ತಿದ್ದೆ. ಎತ್ತಿಕೊಂಡು ಹಲೋ ಅನ್ನುತ್ತಿರಲಿಲ್ಲ. ಉಗುರಿನಿಂದ ಟಕ್ ಟಕ್. "ಮಾವ, ನಾನು" ಎಂದು ನಾನೇ ಮಾತು ತೆಗೆಯಬೇಕು. ಒಂದು ಸಲ, "ಟ್ರ್ಯಾಕ್ಟರ್ ಮ್ಯಾಲೆ ಟ್ರ್ಯಾಕ್ಟರ್ ಮಣ್ಣು ಹಾಕಸಾಕತ್ತೀನಿ, ತುಂಬವಲ್ದು ನೋಡು" ಎಂದರು. ಇನ್ನೊಂದು ಸಲ, "ತುಂಬಿತು ಅಳಿಯ. ಮ್ಯಾಲೆ ಖುರ್ಚಿ ಹಾಕ್ಕೊಂಡು ಕುಂತೀನಿ. ಏನೂ ಇಲ್ಲ. ಬರೇ ಗುಬ್ಬಿ" ಎಂದರು. ಅವರ ದನಿ ಅಷ್ಟು ಹಗುರವಾಗಿದ್ದದ್ದನ್ನು ನಾನು ಮೊದಲು ಕೇಳಿರಲಿಲ್ಲ.

ರಜೆಗೆ ಬಂದೆ. ಬಳ್ಳಾರಿಯಲ್ಲಿ ರೈಲು ಇಳಿದು, ಬಸ್‌ಸ್ಟ್ಯಾಂಡಿನಲ್ಲಿ ವಗ್ಗರಣಿ ಮಂಡಕ್ಕಿ, ಮಿರ್ಚಿ ಬಜ್ಜಿ ಕಟ್ಟಿಸಿಕೊಂಡು, ಸಿರುಗುಪ್ಪಕ್ಕೆ ಹೋಗದೆ ನೇರ ಕುರುಗೋಡಿನ ಬಸ್ಸು ಹತ್ತಿದೆ. ಮಾವನಿಗೆ ಮಿರ್ಚಿ ಎಂದರೆ ಪ್ರಾಣ. ಪೊಟ್ಟಣ ಆರದಿರಲೆಂದು ಅಂಗಿಯೊಳಗೆ ಇಟ್ಟುಕೊಂಡಿದ್ದೆ. ದೊಡ್ಡ ಬಸವಣ್ಣನ ಗುಡಿಯ ಹಿಂದಿನ ಓಣಿಯಲ್ಲಿ ಮನೆ ಕೇಳಿದಾಗ ಹೇಳಿದವರು ನನ್ನ ಮುಖ ನೋಡಿ ದನಿ ತಗ್ಗಿಸಿದರು.

ಅತ್ತೆ ಬಾಗಿಲಿಗೆ ಬಂದರು. ಹಣೆ ಬರಿದಾಗಿತ್ತು. "ನೀ ಹಡಗಿನಾಂವ ಅಲ್ಲೇನಪ" ಎಂದರು. "ತಡಾ ಆತು. ಬಾ, ಒಳಗ ಬಾ."

ಮಾವ ಹೋಗಿ ಹದಿನೈದು ದಿನವೂ ಆಗಿರಲಿಲ್ಲ. ಕಾಯಿಲೆಯಿಲ್ಲ, ಕಸಾಲೆಯಿಲ್ಲ. ಅತ್ತೆ ಮೊರದಲ್ಲಿ ಜೋಳ ಹಸನು ಮಾಡುತ್ತಾ ಕೂತಿದ್ದರಂತೆ. ಮಾವ ಮಣ್ಣು ತುಂಬಿಸಿದ ಜಾಗದಲ್ಲೇ ಕುರ್ಚಿ ಹಾಕಿಕೊಂಡು ಚಹಾ ಕುಡಿಯುತ್ತಿದ್ದರಂತೆ.

"ಯಾರೋ ಕರದಂಗ ತಲಿ ಎತ್ತಿದ್ರು" ಎಂದರು ಅತ್ತೆ. "ನನಗೇನೂ ಕೇಳಲಿಲ್ಲಪ. ಓಣ್ಯಾಗ ನಾಯಿ ಸೈತ ಇರಲಿಲ್ಲ. ನಾ ಅವರ ಮಾರಿ ನೋಡಾಕತ್ತೀನಿ... ಹೆದರಿಕಿ ಇರಲಿಲ್ಲ ನೋಡು. ಸಣ್ಣ ಹುಡುಗರನ್ನ ಅಣ್ಣ ಆಟಕ್ಕ ಕರದ್ರ ಮಾರಿ ಹೆಂಗ ಅರಳತೈತಿ, ಹಂಗ ಅರಳಿತು. ಚಾದ ಬಟ್ಟಲಾ ಚೆಲ್ಲದಂಗ ಕೆಳಗಿಟ್ರು. 'ಓ' ಅಂದ್ರು. 'ಓ ಅಣ್ಣಾ, ಬಂದೆ' ಅಂದ್ರು. ಭಾವಾರು ಹೋದಾಗಿಂದ ಅವರ ಬಾಯಾಗ ಆ ಮಾತು ಕೇಳಿರಲಿಲ್ಲ ನಾನು. ಅಷ್ಟs. ಮತ್ತ ಉಸಿರಿಲ್ಲ."

ಅಂಗಳಕ್ಕೆ ಕರೆದುಕೊಂಡು ಹೋಗಿ ತೋರಿಸಿದರು. ತುಂಬಿಸಿದ ಕೆಂಪು ಮಣ್ಣು ನಡುವೆ ಒಂದು ಬೋಗುಣಿಯಷ್ಟು ಕುಸಿದಿತ್ತು. "ಹೊಸ ಮಣ್ಣು, ಕೂಡತೈತಿ" ಎಂದರು ಅತ್ತೆ, ನನಗೆ ಸಮಾಧಾನ ಹೇಳುವವರಂತೆ. ನಾನು ಅಂಗಿಯೊಳಗಿನ ಪೊಟ್ಟಣ ತೆಗೆದೆ. ಮಿರ್ಚಿ ಇನ್ನೂ ಬೆಚ್ಚಗಿತ್ತು. ಎಲ್ಲಿಡಬೇಕೆಂದು ತಿಳಿಯದೆ ಕುರ್ಚಿಯ ಮೇಲಿಟ್ಟು ಬಂದೆ.

ಅವರು ಸೋತರೋ ಗೆದ್ದರೋ, ಇವತ್ತಿಗೂ ನನಗೆ ಬಗೆಹರಿದಿಲ್ಲ. ಅಷ್ಟು ವರ್ಷ ಬಾಯಿ ಕಟ್ಟಿಕೊಂಡು ಬದುಕಿದವರು, ಹಗೇವಿನ ಬಾಯಿ ಮುಚ್ಚಿಸಿದ ಮೇಲೆ ಓ ಅಂದರು. ಅವತ್ತು ಕರೆದದ್ದು ಅದೋ, ನಿಜವಾಗಿ ಅಣ್ಣನೋ... ಅತ್ತೆ ಹೇಳಿದ ಆ ಅರಳಿದ ಮುಖವನ್ನು ನೆನೆದರೆ ಅಣ್ಣನೇ ಇರಬೇಕು ಎನಿಸುತ್ತದೆ. ಹಗ್ಗವನ್ನು ನೆನೆದರೆ ಹಾಗೆನಿಸುವುದಿಲ್ಲ.

ನಾನು ಇನ್ನೊಂದು ಸಲ ಸಮುದ್ರಕ್ಕೆ ಹೋಗಿ ಬಂದೆ. ಮನಸ್ಸು ನಿಲ್ಲಲಿಲ್ಲ. ಸಿರುಗುಪ್ಪಕ್ಕೆ ಬಂದು ಗಿರಣಿಗಳ ಬಾಯ್ಲರು, ಟ್ಯಾಂಕು, ಪೈಪು ಎಂದು ಕೆಲಸ ಹಿಡಿದೆ. ಅವ್ವ ಹೋದಳು. ಅವಳ ಕಡೆಯವರು ಒಬ್ಬೊಬ್ಬರಾಗಿ ಹೋದರು. ಕುರುಗೋಡಿನ ಅತ್ತೆಯೂ ಹೋದರು. ನನ್ನನ್ನು ಈಗ ಅಣ್ಣ ಅನ್ನುವವರಿದ್ದಾರೆ, ಮಿಸ್ತ್ರಿ ಅನ್ನುವವರಿದ್ದಾರೆ. ಅಳಿಯ ಅನ್ನುವವರು ಯಾರೂ ಉಳಿದಿಲ್ಲ.

ಅದಕ್ಕೇ ಇದನ್ನು ಬರೆಯಲು ಕೂತದ್ದು. ಹೋದ ತಿಂಗಳು ಆ ಟ್ಯಾಂಕಿನ ಮುಚ್ಚಳ ತೆಗೆದ ದಿನ, ಮಾಲೀಕರು ಊಟಕ್ಕೆ ಹೋದರು, ಏಣಿ ತಂದವನೂ ಹೋದ. ನಾನೊಬ್ಬನೇ ಭತ್ತದ ಚೀಲಕ್ಕೆ ಒರಗಿ ಕೂತಿದ್ದೆ. ಗಿರಣಿ ನಿಂತಿತ್ತು. ಬಿಸಿಲಿಗೆ ತಗಡು ಚಿಟಿಚಿಟಿ ಎನ್ನುತ್ತಿತ್ತು. ಟ್ಯಾಂಕಿನ ಬಾಯಿಂದ, ಬಹಳ ಕೆಳಗಿನಿಂದ, ಆ ಟ್ಯಾಂಕು ಇರುವುದಕ್ಕಿಂತಲೂ ಕೆಳಗಿನಿಂದ...

"ಅಳಿಯಾ..."

ಈ ಸಲ ಅದು ಹಗ್ಗ ಬಿಡು ಎನ್ನಲಿಲ್ಲ. ಭಾನುವಾರ ರೊಟ್ಟಿ ಆರಿಹೋಗುತ್ತದೆ ಬಾ ಎಂದು ಕರೆಯುತ್ತಿದ್ದರಲ್ಲ, ಅದೇ ದನಿ. ಓ ಎನ್ನುವುದು ಎಷ್ಟು ಚಿಕ್ಕ ಮಾತು. ಕರೆದವರು ಯಾರೆಂದು ನೋಡುವ ಮೊದಲೇ ಬಾಯಿಗೆ ಬರುವ ಮಾತು. ಅದನ್ನು ತಡೆದು ಹಿಡಿಯಲು ಎಷ್ಟು ಬಲ ಬೇಕು ಎಂದು ನನಗೆ ಅವತ್ತು ತಿಳಿಯಿತು. ಮಾವ ಅದನ್ನು ಒಂದು ಆಯುಷ್ಯವಿಡೀ ತಡೆದಿದ್ದರು.

ಕೈಯಲ್ಲಿ ತಿರುಪು ಬಿಚ್ಚುವ ಪಾನಾ ಇತ್ತು. ಟ್ಯಾಂಕಿನ ಅಂಚಿಗೆ ಎರಡು ಸಲ ತಟ್ಟಿದೆ. ಟಕ್ ಟಕ್.

ಆಮೇಲೆ ದನಿ ಬರಲಿಲ್ಲ.

ಮರುದಿನ ಬ್ಲೋವರು ಹಚ್ಚಿ ಗಾಳಿ ಆಡಿಸಿ, ಕಂದೀಲು ತಳ ಮುಟ್ಟುವವರೆಗೆ ಇಳಿಸಿ ನೋಡಿದೆ. ಅದು ಉರಿಯುತ್ತಲೇ ಮೇಲೆ ಬಂದ ಮೇಲೆ ಕೆಲಸಗಾರ ಇಳಿದ, ಬೆಸುಗೆ ಹಾಕಿದ, ಸಿನಿಮಾ ಹಾಡು ಗುನುಗುತ್ತಾ ಮೇಲೆ ಬಂದ. ಟ್ಯಾಂಕು ತುಂಬ ನೀರು ಬಿಟ್ಟೆವು. ಮುಚ್ಚಳ ಬಿಗಿಯುವ ಕೆಲಸ ಮಾತ್ರ ಯಾರಿಗೂ ಕೊಡದೆ ನಾನೇ ಮಾಡಿದೆ. ಎಲ್ಲ ತಿರುಪು ಬಿಗಿದು ಕೊನೆಯದೊಂದು ಉಳಿದಾಗ ಕೈ ನಿಂತಿತು.

"ಏನಪ ಮಿಸ್ತ್ರಿ, ಮತ್ತೇನು?" ಎಂದರು ಮಾಲೀಕರು.

"ಏನಿಲ್ರಿ" ಎಂದೆ. ಲೋಕದಲ್ಲಿ ನನ್ನನ್ನು ಅಳಿಯ ಎಂದು ಕರೆಯುವ ಬಾಯಿ ಇನ್ನು ಅದೊಂದೇ ಉಳಿದಿತ್ತು. ಬಿಗಿದೆ.